ಹುಸೇನಬಿಯ ದೋಣಿಯಲ್ಲಿ ಒಂದು ವರ್ಷ

ಪೆಟ್ರೋಲಿನ ವಾಸನೆಗೆ ಕೆಲವರಿಗೆ ತಲೆ ತಿರುಗುತ್ತದೆ. ನನಗೆ ಹೊಳೆ ನೆನಪಾಗುತ್ತದೆ.

ಮೊನ್ನೆ ಹೇಮಗುಡ್ಡದಲ್ಲಿ ಸಂಬಂಧಿಕರ ಮಗಳ ಮದುವೆ ಇತ್ತು. ಅದನ್ನು ಮುಗಿಸಿ, ಗಂಗಾವತಿಯಲ್ಲಿ ಸ್ವಲ್ಪ ಸಾಮಾನು ಕೊಂಡು, ಕುಷ್ಟಗಿಗೆ ಹೊರಡುವ ಮುಂಚೆ ಬಂಕಿನಲ್ಲಿ ಕಾರು ನಿಲ್ಲಿಸಿದೆವು. ಜಿಟಿಜಿಟಿ ಮಳೆ. ನಮ್ಮ ಮುಂದೆ ಒಬ್ಬರು ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲು ತುಂಬಿಸಿಕೊಳ್ಳುತ್ತಿದ್ದರು. ಒಂದಿಷ್ಟು ಹೊರಗೆ ಚೆಲ್ಲಿ ತೊಯ್ದ ನೆಲದ ಮೇಲೆ ಬಣ್ಣಬಣ್ಣವಾಗಿ ಹರಿಯಿತು. ಹಸಿ ಮಣ್ಣು ಮತ್ತು ಪೆಟ್ರೋಲು ಕೂಡಿದ ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಯಜಮಾನರಿಗೆ, "ಒಂದೀಟು ಹೊಳಿ ಕಡೆ ಹೋಗಿ ಬರೋಣ್ರೀ" ಅಂದೆ.

"ಈ ಮಳ್ಯಾಗ? ಅಲ್ಲೇನೈತಿ?" ಅಂದರು. ನನ್ನ ಮುಖ ನೋಡಿ ಮತ್ತೇನೂ ಕೇಳದೆ ಕಾರು ತಿರುಗಿಸಿದರು.

ಕೊರೊನಾ ಬಂದು ಹೋದ ಮೇಲೆ ನನ್ನನ್ನು ಗಂಗಾವತಿ ತಾಲೂಕಿನ ಹೊಳೆದಂಡೆಯ ಒಂದು ಊರಿನ ಆರೋಗ್ಯ ಉಪಕೇಂದ್ರಕ್ಕೆ ಹಾಕಿದ್ದರು. ನಾನು ನರ್ಸು. ನಮ್ಮ ಕಡೆ ಸಿಸ್ಟರ್ ಅನ್ನುತ್ತಾರೆ. ಹುಟ್ಟಿ ಬೆಳೆದದ್ದು ತಾವರಗೇರಾದಲ್ಲಿ, ಸಜ್ಜೆ ತೊಗರಿಯ ಒಣ ಹೊಲಗಳ ನಡುವೆ. ನೀರು ಅಂದರೆ ನಮಗೆ ಕೊಡದಲ್ಲಿ ಮನೆಗೆ ಬರುವಂಥದ್ದು. ಅದರ ಮೇಲೆ ಕುಳಿತು ಹೋಗುವುದು ಇರುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಆ ಊರಿನ ಎದುರು ಹೊಳೆಯ ನಡುವೆ ಒಂದು ನಡುಗಡ್ಡೆ. ಜನ ಬರೀ ಗಡ್ಡಿ ಅನ್ನುತ್ತಿದ್ದರು. ಬಾಳೆ, ಭತ್ತ ಬೆಳೆಯುವ ಕೆಲವು ಮನೆಗಳು ಅಲ್ಲಿದ್ದವು. ಅಲ್ಲಿನ ಬಸುರಿಯರು, ಕೂಸುಗಳು, ಬಿಪಿ ಸಕ್ಕರೆಯ ಮುದುಕರು ಎಲ್ಲ ನನ್ನ ಪಾಲಿಗೆ ಬಂದಿದ್ದರು. ಸೇತುವೆ ಇರಲಿಲ್ಲ. ದಾಟಬೇಕೆಂದರೆ ಮೌಲಾಸಾಬಣ್ಣನ ದೋಣಿಯೇ ಗತಿ.

ಮೌಲಾಸಾಬಣ್ಣ ಮೊದಲು ತೆಪ್ಪ ಹಾಕುತ್ತಿದ್ದವರು. ಯಾವುದೋ ರೆಸಾರ್ಟು ಮುಚ್ಚಿದಾಗ ಅಲ್ಲಿಂದ ಒಂದು ಸಣ್ಣ ಫೈಬರ್ ದೋಣಿಯನ್ನು, ಅದರ ಹಿಂಬದಿಯ ಹಲಗೆಗೆ ನೇತುಹಾಕುವ ಎಂಜಿನ್ ಸಮೇತ, ಕೊಂಡುಕೊಂಡಿದ್ದರು. ಆ ಎಂಜಿನ್ನನ್ನು ಅವರು ಮನೆಗೆ ಬಂದ ಅಳಿಯನ ಹಾಗೆ ನೋಡಿಕೊಳ್ಳುತ್ತಿದ್ದರು. ದಿನವೂ ಒರೆಸುವರು, ಗೋಣಿಚೀಲ ಹೊದಿಸುವರು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದು ಮಾತ್ರ ಅಳಿಯನ ಹಾಗೆಯೇ ಮನಸ್ಸು ಬಂದಾಗ ನಡೆಯುವುದು, ಬೇಡವೆನಿಸಿದಾಗ ನಿಲ್ಲುವುದು. ನಿಂತಾಗಲೆಲ್ಲ ಅವರ ಹೆಂಡತಿ ಹುಸೇನಬಿ ದಂಡೆಯ ಮೇಲೆ ಎದ್ದು ನಿಲ್ಲುತ್ತಿದ್ದಳು. ಗಂಡ ಹೊಳೆಗೆ ಇಳಿದರೆ ಆಕೆ ಬೇವಿನ ಗಿಡದ ಕೆಳಗೆ ಕುಳಿತು ಅವರು ಬರುವ ತನಕ ಏಳುತ್ತಿರಲಿಲ್ಲ.

ಆಷಾಢದ ಒಂದು ದಿನ ಲಸಿಕೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಡ್ಡೆಯಿಂದ ವಾಪಸ್ ಬರುತ್ತಿದ್ದೆ. ಗಾಳಿ ಜೋರಿತ್ತು. ನಡುಹೊಳೆಯಲ್ಲಿ ಎಂಜಿನ್ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ನಿಂತೇಬಿಟ್ಟಿತು. ಮೌಲಾಸಾಬಣ್ಣ ಹಗ್ಗ ಎಳೆದರು, ಎಳೆದರು, ಎಳೆದರು. ದೋಣಿ ಅಡ್ಡ ತಿರುಗಿ ಕೆಳಗಿನ ಕಲ್ಲುಬಂಡೆಗಳ ಕಡೆ ಹೊರಟಿತು. ಅವರು ಹುಟ್ಟು ಹಿಡಿದು ನೀರಿಗೆ ಗುದ್ದುತ್ತ, "ಸಿಸ್ಟರ್, ಪೆಟ್ಟಿಗಿ ಬಿಡ್ರಿ, ಕಲ್ಲು ಬಂದಾಗ ಹಿಡ್ಕೋರಿ!" ಅಂತ ಕೂಗಿದರು. ನಾನು ಪೆಟ್ಟಿಗೆಯನ್ನೂ ಬಿಡಲಿಲ್ಲ, ಕಲ್ಲನ್ನೂ ಹಿಡಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಮಗಳ ಹೆಸರು ಹೇಳುತ್ತಿದ್ದೆನಂತೆ. ಹೇಗೋ ಅವರು ದೋಣಿಯನ್ನು ಒಂದು ಬಂಡೆಗೆ ಆನಿಸಿ, ಅಲ್ಲಿಂದ ಹುಟ್ಟು ಹಾಕುತ್ತ ದಂಡೆಗೆ ತಂದರು. ಹುಸೇನಬಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು.

ಆಕೆ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ತನ್ನ ಸೀರೆ ಉಡಿಸಿ, ಚಹಾ ಕೊಟ್ಟಳು.

"ಟ್ರಾನ್ಸ್‌ಫರ್ ಬರೀರಿ ಸಿಸ್ಟರ್" ಅಂದಳು. "ಸಣ್ಣ ಮಗಳು ಅದಾಳ ನಿಮಗ. ಈ ನೀರು ನಿಮ್ಮಂಥೋರಿಗಲ್ಲ. ನಮಗ ಬ್ಯಾರೆ ದಿಕ್ಕಿಲ್ಲ, ನಾವು ಇರ್ತೀವಿ."

ಮಗಳು ಕುಷ್ಟಗಿಯಲ್ಲಿ ಅತ್ತೆಯ ಹತ್ತಿರ ಇದ್ದಳು. ಯಜಮಾನರು ಅಲ್ಲಿ ಶಾಲೆಯ ಮಾಸ್ತರರು. ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಹುಸೇನಬಿಯ ಮನೆಯ ಹೊರಸಿನ ಮೇಲೆ ಕುಳಿತೇ ವರ್ಗಾವಣೆಗೆ ಅರ್ಜಿ ಬರೆದೆ. ಮರುದಿನ ಆಕೆಯೂ ನನ್ನ ಜೊತೆ ಗಂಗಾವತಿಗೆ ಬಂದಳು. ನಾನು ಅರ್ಜಿ ಕೊಟ್ಟು ಹೊರಗೆ ಬರುವಷ್ಟರಲ್ಲಿ ಆಕೆ ಟ್ರ್ಯಾಕ್ಟರ್ ಎಂಜಿನ್ ರಿಪೇರಿ ಮಾಡುವ ಸತ್ಯಂ ಅನ್ನುವವರ ಅಂಗಡಿ ಹುಡುಕಿಕೊಂಡು ಹೋಗಿ ನಿಂತಿದ್ದಳು. ಅವರು ಬೇಸಾಯಕ್ಕೆಂದು ಹೊರಗಿನಿಂದ ಬಂದು ಕಾಲುವೆ ಕಡೆ ನೆಲೆಸಿದವರ ಕ್ಯಾಂಪಿನವರು. ಮನೆಮಾತು ತೆಲುಗು.

"ಈಗಿನ ಪೆಟ್ರೋಲು ನೀರು ಎಳೀತದಮ್ಮಾ" ಅಂದರು ಸತ್ಯಂ. "ಮಳ್ಯಾಗ ಕ್ಯಾನು ತೆರೀತಾರ, ಟ್ಯಾಂಕಿನ ಮುಚ್ಚಳ ಸಡಿಲ ಇರ್ತದ. ಆ ನೀರು ಎಂಜಿನ್ನಿಗೆ ಹೋದ್ರ ಅದು ಉಸಿರು ಹಿಡೀತದ. ನಡುವ ಒಂದು ಫಿಲ್ಟರ್ ಹಾಕ್ರಿ, ಎಲ್ಲಾ ಸರಿ ಆಗ್ತದ."

ಅವರು ತೋರಿಸಿದ ಫಿಲ್ಟರು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಮೇಲೆ ಲೋಹದ ತಲೆ, ಕೆಳಗೆ ಗಾಜಿನ ಹಾಗೆ ಕಾಣುವ ಒಂದು ಬಟ್ಟಲು. ಪೆಟ್ರೋಲು ಅದರೊಳಗಿಂದ ಹಾದು ಹೋಗುವಾಗ ಕಸ ಸೋಸುತ್ತದೆ, ನೀರು ಭಾರವಾದ್ದರಿಂದ ಬಟ್ಟಲಿನ ತಳಕ್ಕೆ ಇಳಿಯುತ್ತದೆ, ಕೆಳಗಿನ ತಿರುಪು ಸಡಿಲಿಸಿ ಅದನ್ನು ಹೊರಗೆ ಬಿಡಬೇಕು. ಸಲೈನ್ ಹಚ್ಚುವಾಗ ಬಾಟಲಿಯ ಕೆಳಗೆ ಹನಿ ಬೀಳುವ ಸಣ್ಣ ಬುಡ್ಡಿ ಇರುತ್ತದಲ್ಲ, ನನಗೆ ಅದೇ ನೆನಪಾಯಿತು. ಹುಸೇನಬಿ ಫಿಲ್ಟರನ್ನೂ, ಹೊಸ ರಬ್ಬರ್ ಪೈಪು ಮತ್ತು ಬಿಗಿಯುವ ಕ್ಲಿಪ್ಪುಗಳನ್ನೂ ಕೊಂಡಳು.

ಮೌಲಾಸಾಬಣ್ಣ ಅದನ್ನು ನೋಡಿ, "ಕಂಪನಿಯವರು ಮಾಡಿದ ಪೈಪನ್ನ ನಾವ್ಯಾಕ ಕೊಯ್ಯೋದು? ನಾ ಬಟ್ಟಿ ಹಾಕಿ ಸೋಸ್ತೀನಿ, ಸಾಕು" ಅಂದುಬಿಟ್ಟರು. ಫಿಲ್ಟರು ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಕುಳಿತಿತು.

ಶ್ರಾವಣ ಬಂತು. ಮೇಲೆಲ್ಲ ಮಳೆ ಜೋರಾಗಿ ಆಣೆಕಟ್ಟು ತುಂಬಿತು. ಒಂದು ಬೆಳಗ್ಗೆ ಪಂಚಾಯಿತಿಯ ಆಟೋ ಮೈಕು ಹಚ್ಚಿಕೊಂಡು ಬಂತು. ಮಧ್ಯಾಹ್ನದ ಮೇಲೆ ಹೊಳೆಗೆ ನೀರು ಬಿಡುತ್ತಾರೆ, ಯಾರೂ ಇಳಿಯಬೇಡಿ ಅಂತ. ಗಡ್ಡೆಯಲ್ಲಿ ಹನುಮವ್ವ ಇದ್ದಳು. ಚೊಚ್ಚಲ ಬಸುರಿ, ದಿನ ತುಂಬಿತ್ತು, ಕಾಲು ಬಾತಿದ್ದವು, ಬಿಪಿ ಏರಿತ್ತು. ಆ ವಾರವೇ ಈಚೆ ಬಾ ಎಂದು ಹೇಳಿ ಬಂದಿದ್ದೆ, ಬಂದಿರಲಿಲ್ಲ. ನೀರು ಬಂದರೆ ಎಷ್ಟೋ ದಿನ ದಾಟುವ ಹಾಗಿಲ್ಲ. ತಾಲೂಕಿಗೆ ಫೋನ್ ಮಾಡಿದೆ. ರಕ್ಷಣಾ ದೋಣಿ ಬೇರೆ ಕಡೆ ಹೋಗಿದೆ, ಬರುವುದು ತಡವಾಗುತ್ತದೆ ಅಂದರು.

ಓಡಿ ಹೋದರೆ ಮೌಲಾಸಾಬಣ್ಣ ಜ್ವರದಲ್ಲಿ ಮಲಗಿದ್ದರು. ಕೀಲುಗಳೆಲ್ಲ ಹಿಡಿದು ಎದ್ದು ಕೂರುವುದೂ ಆಗುತ್ತಿರಲಿಲ್ಲ.

ಹುಸೇನಬಿ ನನ್ನ ಮಾತು ಪೂರ್ತಿ ಕೇಳಲೇ ಇಲ್ಲ. ಗೂಡಿನಿಂದ ಫಿಲ್ಟರು ತೆಗೆದಳು, ಈಳಿಗೆ ತೆಗೆದಳು, ಹೊಲಿಗೆ ಮಷಿನ್ನಿನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದಳು.

"ಏನ್ ಮಾಡ್ತೀಯೇ?" ಅಂದರು ಮೌಲಾಸಾಬಣ್ಣ ಹೊರಸಿನಿಂದ.

"ಕೊಯ್ತೀನಿ."

"ಏ, ಎಂಜಿನ್ ಮುಟ್ಟಬ್ಯಾಡ!"

"ಎಂಜಿನ್ ಮುಟ್ಟಂಗಿಲ್ಲ, ಪೈಪು ಅಷ್ಟ. ನೀವು ಗಪ್ಪ ಮಲಕೋರಿ" ಅಂದು ಆಕೆ ಹೊರಗೆ ನಡೆದಳು. ಹಿಂದಿನಿಂದ ಅವರು, "ಬೆಂಕಿಕಡ್ಡಿ ಹತ್ರ ತರಬ್ಯಾಡ್ರಿ ಮತ್ತ!" ಅಂತ ಕೂಗಿದ್ದು ಕೇಳಿತು. ಅದೇ ಒಪ್ಪಿಗೆ ಅಂದುಕೊಂಡೆವು.

ಸತ್ಯಂ ಅವರಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟೆ. "ಏಂ ಕಾದಮ್ಮಾ, ಏನೂ ಆಗಂಗಿಲ್ಲ, ಧೈರ್ಯವಾಗಿ ಕೊಯ್ಯಿರಿ" ಅಂದರು. ಮೊದಲು ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಸುರುವಿ, ತಳದಲ್ಲಿದ್ದ ನೀರು ಮಣ್ಣೆಲ್ಲ ಚೆಲ್ಲಿ, ಒಣ ಬಟ್ಟೆಯಿಂದ ಒರೆಸಿ, ಪೆಟ್ರೋಲನ್ನು ಸೋಸಿ ಮತ್ತೆ ತುಂಬಿದೆವು. ಫಿಲ್ಟರನ್ನು ದೋಣಿಯ ಹಿಂದಿನ ಹಲಗೆಯ ಒಳಮೈಗೆ, ಬಟ್ಟಲು ಕೆಳಗೆ ಬರುವ ಹಾಗೆ ನೆಟ್ಟಗೆ ಕೂಡಿಸಬೇಕಿತ್ತು. ಹುಸೇನಬಿ ಮೊಳೆಯಿಂದ ತೂತು ಮಾಡಿ ಸ್ಕ್ರೂ ತಿರುವಿದಳು. ಹಳೆಯ ಪೈಪು ಅಲ್ಲಲ್ಲಿ ಸೀಳಿತ್ತು. ಅದನ್ನು ಈಳಿಗೆಗೆ ಕೊಟ್ಟು ಬದನೆಕಾಯಿ ಹೆಚ್ಚುವಂತೆ ಹೆಚ್ಚಿದಳು. ಟ್ಯಾಂಕಿನಿಂದ ಬರುವ ಹೊಸ ಪೈಪನ್ನು ಫಿಲ್ಟರಿನ ಒಂದು ಬಾಯಿಗೆ, ಎಂಜಿನ್ನಿಗೆ ಹೋಗುವುದನ್ನು ಇನ್ನೊಂದು ಬಾಯಿಗೆ ತುರುಕಿ ಕ್ಲಿಪ್ಪು ಬಿಗಿದೆವು. ಒಳಗೆ ಹೋಗುವ ಬಾಯಿ ಯಾವುದು, ಹೊರಗೆ ಬರುವುದು ಯಾವುದು ಅಂತ ಅದರ ಮೇಲೆ ಬರೆದಿತ್ತು, ನಾನು ಓದಿ ಹೇಳಿದೆ. ನಡುವೆ ಕೈಯಿಂದ ಹಿಚುಕಿ ಪೆಟ್ರೋಲು ಎಳೆಯುವ ಒಂದು ರಬ್ಬರ್ ಬುಗ್ಗೆ ಇರುತ್ತದೆ. ಬಿಪಿ ನೋಡುವಾಗ ನಾನು ದಿನವೂ ಹಿಚುಕುವಂಥದ್ದೇ. ಅದನ್ನೂ ಜೋಡಿಸಿದೆವು.

ಹಿಚುಕಿದೆ. ಏನೂ ಬರಲಿಲ್ಲ. ಮತ್ತೆ ಹಿಚುಕಿದೆ. ಫಿಲ್ಟರಿನ ಬಟ್ಟಲು ಒಣಗಿಯೇ ಇತ್ತು. ಸತ್ಯಂ ಅವರ ಫೋನು ಆ ಹೊತ್ತಿಗೇ ಕಟ್ಟಾಯಿತು. ಹೊಳೆಯ ಬಣ್ಣ ಕೆಂಪಗೆ ತಿರುಗುತ್ತಿತ್ತು. ನನಗೆ ಅಳು ಬಂತು.

ಹುಸೇನಬಿ ಬುಗ್ಗೆಯನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದಳು. "ಸಿಸ್ಟರ್, ಇಲ್ಲೊಂದು ಬಾಣ ಐತಿ. ಟ್ಯಾಂಕಿನ ಕಡೆ ಮುಖ ಮಾಡೇತಿ. ಎಂಜಿನ್ ಕಡೆ ಇರಬೇಕಾಗಿತ್ತೇನು?"

ಬುಗ್ಗೆಯನ್ನು ಹಿಂದುಮುಂದಾಗಿ ಹಾಕಿದ್ದೆವು! ಇಬ್ಬರೂ ನಕ್ಕುಬಿಟ್ಟೆವು. ಅಂಥ ಹೊತ್ತಿನಲ್ಲಿ ನಗು ಎಲ್ಲಿಂದ ಬಂತೋ. ತಿರುಗಿಸಿ ಹಾಕಿ ಹಿಚುಕಿದಾಗ ಪೆಟ್ರೋಲು ಬಟ್ಟಲಿಗೆ ಇಳಿದು ತುಂಬಿತು, ಬುಗ್ಗೆ ಕೈಯಲ್ಲಿ ಗಟ್ಟಿಯಾಯಿತು. ಎಲ್ಲಾದರೂ ಸೋರುತ್ತದೆಯೇ ಅಂತ ಪ್ರತಿ ಕ್ಲಿಪ್ಪಿನ ಸುತ್ತ ಬೆರಳಾಡಿಸಿ ನೋಡಿದೆವು. ಹುಸೇನಬಿ ಸೆರಗು ಬಿಗಿದು ಹಗ್ಗ ಎಳೆದಳು. ಎಂಜಿನ್ ಹತ್ತಿತು.

"ನಡಸಾಕ ಬರ್ತದೇನು ನಿಮಗ?" ಅಂದೆ.

"ಇಷ್ಟು ವರ್ಷ ಅವರನ್ನ ನೋಡಿಕೋತ ಕುಂತಿನ್ರಿ. ಮತ್ತೇನ್ ಬರಬೇಕು?" ಅಂದಳು.

ಹೋಗುವಾಗ ನಾನು ಹೊಳೆಯನ್ನು ನೋಡಲಿಲ್ಲ. ಆ ಬಟ್ಟಲನ್ನೇ ನೋಡುತ್ತಿದ್ದೆ. ಒಮ್ಮೆ ಎಂಜಿನ್ನಿನ ಸದ್ದು ತಗ್ಗಿತು. ಮತ್ತೆ ಸರಿಯಾಯಿತು. ಗಡ್ಡೆಯಲ್ಲಿ ಹನುಮವ್ವನ ಅತ್ತೆ, "ಇವತ್ತು ಅಮಾಸಿ ಐತಿ, ನಾಳೆ ಬರ್ತೀವಿ" ಅಂತ ಶುರುಮಾಡಿದಳು. ಹುಸೇನಬಿ ಆಕೆಯ ಕೈ ಹಿಡಿದು, "ನಾಳೆ ಇಲ್ಲಿ ಹೊಳಿ ಇರ್ತದಬೇ, ಗಡ್ಡಿ ಇರೂದಿಲ್ಲ" ಅಂದಾಗ ಅತ್ತೆ ಸೊಸೆ ಇಬ್ಬರೂ ಹತ್ತಿದರು. ಬರುವಾಗ ಮರದ ಕೊಂಬೆಗಳು ತೇಲಿ ಬರುತ್ತಿದ್ದವು. ಹುಸೇನಬಿ ಎದ್ದು ನಿಂತೇ ದೋಣಿ ನಡೆಸಿದಳು. ದಂಡೆಗೆ ಮುಟ್ಟಿ, ಹನುಮವ್ವನನ್ನು ಆಂಬುಲೆನ್ಸಿಗೆ ಹತ್ತಿಸಿ ತಿರುಗಿ ನೋಡಿದರೆ, ನಾವು ದೋಣಿ ಕಟ್ಟುವ ಕಲ್ಲು ನೀರಿನಲ್ಲಿ ಮುಳುಗಿತ್ತು. ಮರುದಿನ ಗಂಗಾವತಿ ಆಸ್ಪತ್ರೆಯಲ್ಲಿ ಹನುಮವ್ವನಿಗೆ ಹೆಣ್ಣು ಕೂಸಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ನೀರು ಇಳಿಯಿತು. ಮೌಲಾಸಾಬಣ್ಣನ ಜ್ವರವೂ ಇಳಿಯಿತು, ಆದರೆ ಕೀಲುನೋವು ಹೋಗಲಿಲ್ಲ. ಅವರೇ ಬಂದು ಫಿಲ್ಟರನ್ನು ಹಿಂದೆ ಮುಂದೆ ನೋಡಿ, ಒಂದು ಕ್ಲಿಪ್ಪನ್ನು ಸುಮ್ಮನೆ ಇನ್ನಷ್ಟು ಬಿಗಿದು, "ಹ್ಞೂಂ, ಇರಲಿ" ಅಂದರು. ಅಂದಿನಿಂದ ನನ್ನನ್ನು ಕರೆದೊಯ್ಯುವುದು ಹುಸೇನಬಿಯ ಕೆಲಸವಾಯಿತು. ಜನ ಅದನ್ನು ಸಿಸ್ಟರ್ ದೋಣಿ ಅಂದರು. ನಾನು ಗಡ್ಡೆಗೆ ಹೊರಟ ದಿನಗಳಲ್ಲಿ ಗೊಬ್ಬರದ ಚೀಲ ಹೊತ್ತವರು, ಬಾಳೆಗೊನೆಯ ವ್ಯಾಪಾರಿಗಳು, ಹೊಲದ ಆಳುಗಳು ಎಲ್ಲರೂ ಹತ್ತುತ್ತಿದ್ದರು.

ಆ ಚಳಿಗಾಲದಂಥ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ. ಬೆಳಗಿನ ಹೊತ್ತು ನೀರಿನಿಂದ ಹೊಗೆಯಂಥ ಮಂಜು ಏಳುತ್ತಿತ್ತು. ಗಡ್ಡೆಯ ಭತ್ತ ಹಣ್ಣಾಗಿ ವಾಸನೆ ದೋಣಿಯ ತನಕ ಬರುತ್ತಿತ್ತು. ಕೆಲಸ ಮುಗಿಸಿ ವಾಪಸ್ ಬರುವಾಗ ಹುಸೇನಬಿ ನಡುಹೊಳೆಯಲ್ಲಿ ಎಂಜಿನ್ ಆರಿಸಿ, ಡಬ್ಬಿ ಬಿಚ್ಚಿ ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆ ಕೊಡುತ್ತಿದ್ದಳು. ಆಷಾಢದಲ್ಲಿ ಎಲ್ಲಿ ಎಂಜಿನ್ ನಿಂತು ಪ್ರಾಣ ಹೋಗುವ ಹಾಗಾಗಿತ್ತೋ ಅಲ್ಲೇ ನಾವು ತಿನ್ನುತ್ತ ಕುಳಿತಿರುತ್ತಿದ್ದೆವು. ನನಗೂ ಚುಕ್ಕಾಣಿ ಹಿಡಿಯುವುದನ್ನು ಕಲಿಸಿದಳು. ಎಡಕ್ಕೆ ತಿರುಗಿಸಿದರೆ ದೋಣಿ ಬಲಕ್ಕೆ ಹೋಗುವುದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು.

ಒಮ್ಮೆ ಆಕೆ ದಂಡೆಯ ಕಡೆ ಕೈ ತೋರಿಸಿದಳು. ಬೇವಿನ ಗಿಡದ ಕೆಳಗೆ ಮೌಲಾಸಾಬಣ್ಣ ಕುಳಿತಿದ್ದರು. "ಲಗ್ನ ಆದಾಗಿಂದ ಅಲ್ಲಿ ಕುಂತು ಕಾಯೋದ ನನ್ನ ಕೆಲಸ ಆಗಿತ್ತು ಸಿಸ್ಟರ್. ಈಗ ನೋಡ್ರಿ, ಕಾಯೋರು ಅವರು" ಅಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು.

ಬೇಸಿಗೆಯಲ್ಲಿ ವರ್ಗಾವಣೆಯ ಆದೇಶ ಬಂತು. ಅರ್ಜಿ ಕೊಟ್ಟದ್ದನ್ನೇ ನಾನು ಮರೆತಿದ್ದೆ. ಕುಷ್ಟಗಿಯ ಪಕ್ಕದ ಊರೇ ಸಿಕ್ಕಿತ್ತು. ಕಚೇರಿಗೆ ಹೋಗಿ ರದ್ದು ಮಾಡಲು ಬರುತ್ತದೆಯೇ ಅಂತ ಕೇಳಿದೆ. "ಕೇಳಿದ್ದ ಕೊಟ್ಟೀವಿ, ಈಗ ಬ್ಯಾಡ ಅಂದ್ರ ಹೆಂಗ್ರಿ?" ಅಂತ ಅಲ್ಲಿನ ಗುಮಾಸ್ತರು ನಕ್ಕರು. ಇನ್ನೂ ಮೇಲಿನವರನ್ನು ಕೇಳಬಹುದಿತ್ತೇನೋ. ಆದರೆ ಅಂದೇ ಮಗಳು ಫೋನಿನಲ್ಲಿ, "ಅವ್ವಾ, ಇನ್ನ ಮ್ಯಾಲೆ ದಿನಾ ಮನಿಗೆ ಬರ್ತೀ?" ಅಂದಳು. ಯಜಮಾನರು ಆಗಲೇ ಸಿಹಿ ಹಂಚಿದ್ದರು.

ಹುಸೇನಬಿಗೆ ಹೇಳಿದಾಗ ಆಕೆ, "ನಾನ ಬರೀರಿ ಅಂದಿದ್ದೆ. ನನ್ನ ನಾಲಗಿ ಕೊಯ್ಯಬೇಕು" ಅಂದಳು. ಆಮೇಲೆ ತಾನೇ, "ಹಂಗಲ್ರಿ. ಮಗಳ ಹತ್ರ ಹೋಗ್ರಿ. ಕೂಸು ತಾಯಿ ಕೂಡ ಇರಬೇಕು" ಅಂತ ನನ್ನ ಸಾಮಾನು ಕಟ್ಟಲು ಬಂದಳು.

ಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆವು. ಆಮೇಲೆ ಹಬ್ಬಕ್ಕೊಮ್ಮೆ. ದೀಪಾವಳಿಗೆ ಬರುತ್ತೇನೆ ಅಂದಿದ್ದೆ. ಅತ್ತೆಗೆ ಆಪರೇಷನ್ ಆಯಿತು, ಹೋಗಲಾಗಲಿಲ್ಲ. ಮತ್ತೊಮ್ಮೆ ಹಚ್ಚಿದಾಗ ಆ ನಂಬರು ಬಂದ್ ಆಗಿತ್ತು.

ಮೊನ್ನೆ ಹೊಳೆದಂಡೆಗೆ ಹೋದಾಗ ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ಹುಸೇನಬಿಯ ಮನೆಯಲ್ಲಿ ಯಾರೋ ಸಿಮೆಂಟಿನ ಚೀಲ ತುಂಬಿದ್ದರು. ಒಬ್ಬ ಹೆಂಗಸು ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ಮಳೆಯಲ್ಲಿ ಬರುತ್ತಿದ್ದವಳು ನನ್ನನ್ನು ನೋಡಿ ನಿಂತಳು. ಹನುಮವ್ವ! ಈಗ ಈಚೆ ದಂಡೆಯಲ್ಲೇ ಮನೆ ಮಾಡಿದ್ದಾರಂತೆ. ಪಕ್ಕದಲ್ಲಿ ಆ ಮಗಳು, ಅಂಗನವಾಡಿಯ ಚೀಲ ಹಾಕಿಕೊಂಡು. ಹುಸೇನಬಿಯ ಹೊಸ ನಂಬರು ಹನುಮವ್ವನೇ ಕೊಟ್ಟಳು. ಹೊಸಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ ಅಂದಳು.

ಕಾರಿನಲ್ಲಿ ಕುಳಿತು ಹಚ್ಚಿದೆ. "ಅಕ್ಕಾ, ನಾನು ಅನ್ನಪೂರ್ಣ. ಸಿಸ್ಟರ್."

"ಯವ್ವಾ! ತಾವರಗೇರಿ ಸಿಸ್ಟರ್!" ಅಂತ ಕೂಗಿದಳು. ಮಗಳು, ಯಜಮಾನರು, ಅತ್ತೆ, ಎಲ್ಲರನ್ನೂ ಒಂದೇ ಉಸಿರಿನಲ್ಲಿ ವಿಚಾರಿಸಿದಳು. ಮೌಲಾಸಾಬಣ್ಣ ಒಂದು ಗೋದಾಮಿನ ಕಾವಲಿಗೆ ಹೋಗುತ್ತಾರಂತೆ.

"ದೋಣಿ?" ಅಂದೆ.

"ಮಾರಿದ್ವಿ."

"ಎಂಜಿನ್ ಮತ್ತ ಕೆಟ್ಟಿತ್ತೇನು?"

"ಅಯ್ಯ, ಇಲ್ರಿ. ಮಾರೋ ದಿನಾನೂ ಒಂದ ಸಲ ಹಗ್ಗ ಎಳದ್ರ ಹತ್ತಿತು." ಅಂದಳು. "ನೀವಿದ್ದಾಗ ಅದು ಸಿಸ್ಟರ್ ದೋಣಿ. ನಾ ಬರೇ ನಡಸಾಕಿ. ನೀವು ಹೋದ ಮ್ಯಾಲೆ ಬಂದ ಸಿಸ್ಟರ್, ಪಾಪ, ನೀರಿಗೆ ಅಂಜತಿದ್ಲು, ದಾಟಲೇ ಇಲ್ಲ. ಆಗ ಅದು ಹೆಣ್ಣುಮಗಳ ದೋಣಿ ಆತು. ಗಂಡಸರನ್ನ ಕುಂದ್ರಿಸಿಕೊಂಡು ಒಬ್ಬಾಕಿನ ಹೆಂಗ ಹೋಗ್ತಾಳ ಅಂದ್ರು. ಒಬ್ರಲ್ಲ, ಎಲ್ಲಾ ಓಣಿಯವರೂ ಅಂದ್ರು. ಹತ್ತೋರು ಹತ್ತೂದು ಬಿಟ್ರು. ನಮ್ಮವರು ನಡಸು ಅಂತ ಹೇಳಿದ್ರು. ಆದ್ರ ಖಾಲಿ ದೋಣಿ ಎಷ್ಟು ದಿನ ನಡಸ್ಲಿರಿ?"

ಆ ವರ್ಷವೆಲ್ಲ ಆಕೆ ನನ್ನನ್ನು ದಾಟಿಸುತ್ತಿದ್ದಾಳೆ ಅಂದುಕೊಂಡಿದ್ದೆ. ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ನಾನು ಸುಮ್ಮನೆ ಕುಳಿತಿರುವುದರಿಂದಲೇ ಆಕೆ ಹೊಳೆಗೆ ಇಳಿಯಲು ಸಾಧ್ಯವಾಗಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೆ ಉಳಿಯುತ್ತಿದ್ದೆನೇ? ಮಗಳ ಆ ಒಂದು ಮಾತಿನ ಮುಂದೆ ಉಳಿಯುತ್ತಿರಲಿಲ್ಲವೇನೋ. ಆದರೂ ಗೊತ್ತಿರಬೇಕಿತ್ತು ಅನಿಸಿತು.

"ಒಂದ ಸಲ ಬರ್ರಿ ಅಕ್ಕಾ" ಅಂದೆ. "ಇಬ್ರೂ ಕೂಡಿ ಗಡ್ಡಿಗೆ ಹೋಗಿ ಬರೋಣ."

"ಯಾರ ದೋಣ್ಯಾಗ್ರೀ ಸಿಸ್ಟರ್?" ಅಂದಳು. ಚೇಷ್ಟೆಗಲ್ಲ, ನಿಜವಾಗಿಯೇ ಕೇಳಿದಳು.

ಅಷ್ಟರಲ್ಲಿ ಆ ಕಡೆ ಕುಕ್ಕರ್ ಕೂಗಿತು. "ಅನ್ನಕ್ಕ ಇಟ್ಟೀನ್ರಿ, ಫೋನ್ ಇಡ್ಲ್ಯಾ?" ಅಂದಳು. ಹ್ಞೂಂ ಅಂದೆ. ಯಜಮಾನರು ಕಾರು ಚಾಲೂ ಮಾಡಿದರು.